ನೋವಿನ ಲೆಕ್ಕ: ಬರೆಯುವವರು, ಓದುವವರು

ಮೊನ್ನೆ ಸಂಜೆ ನಾಲ್ಕಕ್ಕೆ ನಿಮ್ಮ ಮಂಡಿನೋವು ಎಷ್ಟಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ದೀರ್ಘಕಾಲದ ಕಾಯಿಲೆಯವರಿಗೆ ದಿನಚರಿ ಪುಸ್ತಕ ಕೊಟ್ಟು, ಅನಿಸಿದ್ದನ್ನು ಆಗಿಂದಾಗಲೇ ಬರೆಯಿರಿ ಎನ್ನುವ ಪದ್ಧತಿ ಸಂಶೋಧಕರಲ್ಲಿ ಬೆಳೆಯಿತು. ಬರೆದು ತಂದದ್ದನ್ನು ಹಾಗೆಯೇ ನಂಬುವ ಪದ್ಧತಿಯೂ ಜೊತೆಗಿತ್ತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2002ರಲ್ಲಿ. ಅಮೆರಿಕದ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳೇ ನೋವಿನಿಂದ ಬಳಲುತ್ತಿದ್ದ 80 ಜನರಿದ್ದರು. ಅರ್ಧದಷ್ಟು ಜನಕ್ಕೆ ಕಾಗದದ ದಿನಚರಿ, ಉಳಿದವರಿಗೆ ಅಂಗೈಯಗಲದ ಕಂಪ್ಯೂಟರ್. ಕಾಗದದ ದಿನಚರಿಯಲ್ಲಿ ಬೆಳಕನ್ನು ಗ್ರಹಿಸುವ ಸೆನ್ಸರ್ ಅಡಗಿತ್ತು. ಪುಸ್ತಕ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ಅದು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಿತ್ತು. ರೋಗಿಗಳು ನಮೂದಿಸಿದ ದಿನಾಂಕ, ಗಂಟೆಗಳನ್ನು ನಂಬಿದರೆ ಶೇ 90ರಷ್ಟು ಉತ್ತರಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು. ಸೆನ್ಸರ್ ಪ್ರಕಾರ ಶೇ 11 ಮಾತ್ರ. ಸುಮಾರು ಮೂರನೇ ಒಂದು ಪಾಲು ದಿನಗಳಲ್ಲಿ ಪುಸ್ತಕವನ್ನು ತೆರೆದೇ ಇರಲಿಲ್ಲ, ಆದರೆ ಆ ದಿನಗಳ ಪುಟಗಳೂ ತುಂಬಿದ್ದವು. ಬೇಸಿಗೆ ರಜೆಯ ಕೊನೆಯ ರಾತ್ರಿ ಇಡೀ ರಜೆಯ ಕಾಪಿ ಬರೆದು ಮುಗಿಸುವ ಮಕ್ಕಳಂತೆ, ರೋಗಿಗಳೂ ಒಟ್ಟಿಗೆ ಕೂತು ಬರೆದಿದ್ದರು. ಕಂಪ್ಯೂಟರ್ ಗುಂಪಿನಲ್ಲಿ ಹೊತ್ತಿಗೆ ಬಂದ ಉತ್ತರ ಶೇ 94.

ಇದರಿಂದ ಸಂಶೋಧನಾ ಲೋಕ ಕಲಿತ ಪಾಠ ಸರಳವಾಗಿತ್ತು: ಕಾಗದ ಬಿಡಿ, ಯಂತ್ರ ಹಿಡಿಯಿರಿ. ಆ ಪಾಠ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಯಂತ್ರ ಸದ್ದು ಮಾಡಿ ಕರೆಯುತ್ತಿತ್ತು, ಅಧ್ಯಯನ ಮೂರೇ ವಾರದ್ದು. ವರ್ಷಗಟ್ಟಲೆ ಕಾಯಿಲೆಯೊಂದಿಗೆ ಬಾಳುವವರ ಕತೆ ಬೇರೆ.

ಅಂತರ್ಜಾಲ ಬಂದಮೇಲೆ ಪ್ರಶ್ನೆ ಕೇಳುವ ಹಕ್ಕೇ ಕೈ ಬದಲಾಯಿಸಿತು. ಎಎಲ್‌ಎಸ್ ಎಂಬ ನರರೋಗಕ್ಕೆ ತುತ್ತಾದ ಸ್ಟೀಫನ್ ಹೇವುಡ್‌ಗಾಗಿ ಅವರ ಸೋದರರು 2004ರಲ್ಲಿ 'ಪೇಶೆಂಟ್ಸ್ ಲೈಕ್ ಮಿ' ತಾಣವನ್ನು ಹುಟ್ಟುಹಾಕಿದರು. 2008ರಲ್ಲಿ ಇಟಲಿಯ ಸಣ್ಣದೊಂದು ಅಧ್ಯಯನ, ಲಿಥಿಯಂ ಈ ರೋಗದ ವೇಗ ತಗ್ಗಿಸುತ್ತದೆ ಎಂದಾಗ, ರೋಗಿಗಳು ದೊಡ್ಡ ಪ್ರಯೋಗಗಳಿಗೆ ಕಾಯಲಿಲ್ಲ. ವೈದ್ಯರಿಂದ ಮಾತ್ರೆ ಬರೆಸಿಕೊಂಡು, ತಮ್ಮ ಸ್ಥಿತಿಯನ್ನು ತಾವೇ ತಾಣದಲ್ಲಿ ದಾಖಲಿಸತೊಡಗಿದರು. ಲಿಥಿಯಂ ತೆಗೆದುಕೊಂಡ 149 ಜನರ ಲೆಕ್ಕ 2011ರಲ್ಲಿ ನೇಚರ್ ಬಯೋಟೆಕ್ನಾಲಜಿಯಲ್ಲಿ ಬಂತು. ಔಷಧದಿಂದ ಲಾಭವಿಲ್ಲ ಎಂಬುದೇ ಅದರ ತೀರ್ಮಾನ. ನಂತರದ ಕಟ್ಟುನಿಟ್ಟಿನ ಪ್ರಯೋಗಗಳೂ ಅದನ್ನೇ ಹೇಳಿದವು. ಆಸೆಯಿಂದ ಮಾತ್ರೆ ನುಂಗಿದವರೇ ಆಸೆಗೆ ವಿರುದ್ಧವಾದ ಸಾಕ್ಷ್ಯವನ್ನೂ ಕೊಟ್ಟರು ಎಂಬುದು ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಅಧ್ಯಾಯ.

ಇದಕ್ಕೂ ಮೊದಲೇ ಸಂಶೋಧಕ ಗುಂಥರ್ ಐಸೆನ್‌ಬಾಕ್ 2005ರಲ್ಲಿ ಎಚ್ಚರಿಸಿದ್ದರು: ಡಿಜಿಟಲ್ ಆರೋಗ್ಯ ಅಧ್ಯಯನಗಳಲ್ಲಿ ಜನ ಅರ್ಧಕ್ಕೇ ಬಿಟ್ಟುಹೋಗುವುದೇ ನಿಯಮ, ಹೋದವರನ್ನೂ ಅಧ್ಯಯನ ಮಾಡಿ ಎಂದು. ಆ್ಯಪಲ್ 2015ರಲ್ಲಿ ರಿಸರ್ಚ್‌ಕಿಟ್ ತಂದಾಗ ಆ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಪಾರ್ಕಿನ್ಸನ್, ಆಸ್ತಮಾ, ಮಧುಮೇಹದ ಆ್ಯಪ್‌ಗಳಿಗೆ ಸಾವಿರಾರು ಜನ ಒಮ್ಮೆಲೇ ಸೇರಿದರು, ಅಷ್ಟೇ ಬೇಗ ಕರಗಿದರು. ಅಮೆರಿಕದ ಎಂಟು ಆ್ಯಪ್ ಅಧ್ಯಯನಗಳ 1,09,914 ಜನರ ದತ್ತಾಂಶ ಕಲೆಹಾಕಿ ಅಭಿಷೇಕ್ ಪ್ರತಾಪ್ ಮತ್ತಿತರರು 2020ರಲ್ಲಿ ಕಂಡುಕೊಂಡದ್ದು: ಅರ್ಧದಷ್ಟು ಜನ ಐದೂವರೆ ದಿನದೊಳಗೆ ಮಾಯ. ಕಾಯಿಲೆ ಇದ್ದವರು ಇಲ್ಲದವರಿಗಿಂತ ಏಳು ದಿನ ಹೆಚ್ಚು ಉಳಿದರು. ಹಣ ಕೊಟ್ಟಾಗ 22 ದಿನ ಹೆಚ್ಚು. ತಮ್ಮ ವೈದ್ಯರೇ ಕಳಿಸಿದ್ದಾಗ 40 ದಿನ ಹೆಚ್ಚು. ದುಡ್ಡಿಗಿಂತ ಡಾಕ್ಟರ ಮಾತು ತೂಕದ್ದು ಎಂಬುದು ನಮ್ಮೂರಿನವರಿಗೆ ಹೊಸ ಸುದ್ದಿಯೇನಲ್ಲ.

ಉತ್ತರಿಸಿದರೆ ಯಾರಾದರೂ ಓದುತ್ತಾರೆಯೇ? ಇದನ್ನು ಪರೀಕ್ಷಿಸಿದವರು ಕ್ಯಾನ್ಸರ್ ತಜ್ಞ ಈಥನ್ ಬಾಶ್. ನ್ಯೂಯಾರ್ಕಿನಲ್ಲಿ ಹರಡಿದ ಕ್ಯಾನ್ಸರ್‌ನ 766 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ಗುಂಪು ತನ್ನ ವಾಂತಿ, ಸುಸ್ತು, ಉಸಿರಾಟದ ತೊಂದರೆಗಳನ್ನು ಆನ್‌ಲೈನ್‌ನಲ್ಲಿ ತಿಳಿಸುತ್ತಿತ್ತು. ಲಕ್ಷಣ ತೀವ್ರವಾದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. 2017ರ ವರದಿಯಂತೆ ಆ ಗುಂಪಿನ ಬದುಕುಳಿದ ಅವಧಿಯ ಮಧ್ಯಾಂಕ 31.2 ತಿಂಗಳು, ಮಾಮೂಲಿ ಆರೈಕೆಯವರದು 26. ಅವರದೇ ಮುಂದಿನ ದೊಡ್ಡ ಪ್ರಯೋಗದಲ್ಲಿ ವೆಬ್ ಬೇಡವೆಂದವರು ಫೋನಿನ ಸ್ವಯಂಚಾಲಿತ ಕರೆಗೆ ಉತ್ತರಿಸಬಹುದಿತ್ತು. ವಾರವಾರದ ಪ್ರಶ್ನಾವಳಿಗಳಲ್ಲಿ ಶೇ 91.5 ಭರ್ತಿಯಾಗಿ ಬಂದವು. ಐದೂವರೆ ದಿನದ ಆ್ಯಪ್‌ಗಳ ಪಕ್ಕ ಈ ಅಂಕಿಯನ್ನಿಟ್ಟರೆ, ರೋಗಿಗಳ ಉದಾಸೀನದ ಬಗ್ಗೆ ಕೇಳಿಬರುವ ದೂರು ಪೊಳ್ಳೆನಿಸುತ್ತದೆ.

ಕೋವಿಡ್ ನಂತರ ರೋಗಿಗಳೇ ಸಮೀಕ್ಷಕರಾದರು. ಲಾಂಗ್ ಕೋವಿಡ್‌ನಿಂದ ಬಳಲಿದವರು ಸೇರಿ 2020ರಲ್ಲಿ ನಡೆಸಿದ ಆನ್‌ಲೈನ್ ಸಮೀಕ್ಷೆಗೆ 56 ದೇಶಗಳ 3,762 ಜನ ಉತ್ತರಿಸಿದರು. 203 ಲಕ್ಷಣಗಳು ದಾಖಲಾದವು. ತುಂಬ ಉದ್ದದ ಪ್ರಶ್ನಾವಳಿಯದು. ಆದರೆ ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ, ಮತ್ತೊಂದು ದಿನ ಮುಂದುವರಿಸಬಹುದಿತ್ತು. ತಲೆ ಮಂಕಾಗುವುದು ಏನೆಂದು ಗೊತ್ತಿದ್ದವರು ಮಾಡಿದ ಏರ್ಪಾಡು.

ಭಾರತದಲ್ಲಿ ರೋಗಿಯೇ ವರದಿ ಕೊಡುವ ಈ ದಾರಿ ಬೇರೆ ಕಡೆಯಿಂದ ಬಂದಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರೂಪುಗೊಂಡ 99ಡಾಟ್ಸ್ ವ್ಯವಸ್ಥೆಯಲ್ಲಿ ಕ್ಷಯರೋಗಿ ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಆ ದಿನದ ವರದಿ ಮುಗಿಯಿತು. ಖರ್ಚಿಲ್ಲ, ಓದುಬರಹ ಬೇಡ, ಸ್ಮಾರ್ಟ್‌ಫೋನೂ ಬೇಡ. ಆದರೆ ಕರೆ ಮಾಡಿದವರೆಲ್ಲ ಮಾತ್ರೆ ನುಂಗಿರುವುದಿಲ್ಲ, ನುಂಗಿದವರೆಲ್ಲ ಕರೆ ಮಾಡಿರುವುದಿಲ್ಲ. ಮೂತ್ರ ಪರೀಕ್ಷೆ ನಡೆಸಿ ನೋಡಿದಾಗ ಎರಡೂ ಕಂಡವು.

ಬಿಪಿ, ಶುಗರ್‌ಗಳ ವಿಷಯದಲ್ಲಂತೂ ಪರದೆ ಮುಟ್ಟುವ ಬೆರಳು ಬಹುಮಟ್ಟಿಗೆ ರೋಗಿಯದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇ 33, ಗಂಡಸರಲ್ಲಿ ಶೇ 57. ಹಾಗಾಗಿ ಮೂವತ್ತು ದಾಟಿದವರ ಮನೆಮನೆ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಹೋಗಿ, ಕೇಳಿ, ತುಂಬಿಸುತ್ತಾರೆ. ತಂಬಾಕು, ಸೊಂಟದ ಸುತ್ತಳತೆಯಿಂದ ಶುರುವಾಗುವ ಆ ಪಟ್ಟಿಯಲ್ಲಿ ಹೆಂಗಸರಿಗೆ ಸ್ತನದಲ್ಲಿ ಗಂಟು, ಮುಟ್ಟಿನ ನಡುವೆ ರಕ್ತಸ್ರಾವ, ಬಿಳಿಸೆರಗಿನ ಪ್ರಶ್ನೆಗಳೂ ಇವೆ. ಜಗಲಿಯಲ್ಲಿ ಮಾವ, ಬಾಗಿಲಲ್ಲಿ ಅತ್ತೆ ಇರುವಾಗ ಸೊಸೆ ಇವಕ್ಕೆ 'ಇಲ್ಲ' ಎನ್ನಬಹುದು. ಆಶಾಗೆ ಅದು ಗೊತ್ತಾಗುತ್ತದೆ. ಕೊಟ್ಟಿಗೆಯ ಕಡೆ ಕರೆದುಕೊಂಡು ಹೋಗಿ ಮತ್ತೊಮ್ಮೆ ಕೇಳುವಷ್ಟು ಪುರುಸೊತ್ತು ಆಕೆಗೆ ಇದ್ದರೆ ಉತ್ತರ ಬದಲಾದೀತು. ಆ ದಿನ ಇನ್ನೂ ಎಷ್ಟು ಮನೆ ಬಾಕಿ ಇವೆ ಎಂಬುದರ ಮೇಲೆ ಅದು ನಿಂತಿದೆ.