ಕಾವಸ್‌ಜಿಯ ಮೂಗು ಮತ್ತು ಸ್ತನ ಪುನರ್ನಿರ್ಮಾಣದ ಚರಿತ್ರೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿಯಂಥ ಊರಿನ ಹೆಂಗಸಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದರೆ, ಮನೆಯವರು ಸಾಮಾನ್ಯವಾಗಿ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ, ಇಲ್ಲವೇ ಶಿವಮೊಗ್ಗದ ಮೇಲೆ ಬೆಂಗಳೂರಿನ ಕಿದ್ವಾಯಿಗೆ. ಆಪರೇಷನ್, ಕಿಮೊ, ‘ಕರೆಂಟ್ ಕೊಡಿಸುವುದು’ (ರೇಡಿಯೇಷನ್) ಎಂಬ ಮಾತುಗಳು ಈಗ ಹಳ್ಳಿಗೂ ಹೊಸವಲ್ಲ. ತೆಗೆದ ಸ್ತನವನ್ನು ಮತ್ತೆ ಕಟ್ಟಿಕೊಡುವ ಶಸ್ತ್ರಚಿಕಿತ್ಸೆಯ ಮಾತು ಮಾತ್ರ ಅಷ್ಟಾಗಿ ಬರುವುದಿಲ್ಲ. ಬಂದರೂ ಅದು ಸಿರಿವಂತರ ಸೊಗಸು ಎಂದು ಅಲ್ಲಿಗೇ ನಿಲ್ಲುತ್ತದೆ. ಚರಿತ್ರೆಯನ್ನು ನೋಡಿದರೆ ಈ ತಿಳಿವಳಿಕೆಗೆ ಆಧಾರವಿಲ್ಲ. ಈ ಚಿಕಿತ್ಸೆಗೆ ಅಡಿಪಾಯವಾದ ವಿದ್ಯೆ ಯುರೋಪಿನ ಗಮನವನ್ನು ಮತ್ತೆ ಸೆಳೆದದ್ದು ಮೈಸೂರು ಯುದ್ಧದ ಒಬ್ಬ ಗಾಯಾಳುವಿನಿಂದ.

ಅವನ ಹೆಸರು ಕಾವಸ್‌ಜಿ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠಿ ರೈತ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಇದರ ವಿವರ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಮೇತ ಪ್ರಕಟವಾಯಿತು. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯಗುಂಟ ಹಣೆಯ ಚರ್ಮವನ್ನು ಬಿಡಿಸಿದರು. ಆದರೆ ಎರಡು ಕಣ್ಣುಗಳ ನಡುವೆ ಚರ್ಮದ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಉಳಿಸಿಕೊಂಡರು. ಬಿಡಿಸಿದ ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿ, ನೀರಿನಲ್ಲಿ ಮೆತ್ತಗೆ ಮಾಡಿದ ಕಾಚು ಹಚ್ಚಿದ ಬಟ್ಟೆಪಟ್ಟಿಗಳಿಂದ ಅಂಟಿಸಿದರು. ನಾವು ಎಲೆಅಡಿಕೆಗೆ ಹಾಕುವ ಅದೇ ಕಾಚು. ಸುಮಾರು 25 ದಿನಗಳ ಮೇಲೆ, ಹೊಸ ಜಾಗದ ರಕ್ತ ಚರ್ಮಕ್ಕೆ ಹರಿಯತೊಡಗಿದ ಮೇಲೆ, ಆ ಪಟ್ಟಿಯನ್ನು ಕತ್ತರಿಸಿದರು. ಇದನ್ನೋದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಶಸ್ತ್ರಕ್ರಿಯೆ ಮಾಡಿ 1816ರಲ್ಲಿ ಗ್ರಂಥ ಬರೆದ.

ರಕ್ತ ಹರಿಯುವ ತೊಟ್ಟನ್ನು ಉಳಿಸಿಕೊಂಡರೆ ದೇಹದ ಒಂದು ಭಾಗವನ್ನು ಇನ್ನೊಂದು ಕಡೆಗೆ ಒಯ್ಯಬಹುದು. ಸ್ವಂತ ಅಂಗಾಂಶದಿಂದ ಸ್ತನ ಕಟ್ಟುವ ಇಂದಿನ ಹಲವು ವಿಧಾನಗಳು ನಿಂತಿರುವುದು ಈ ಒಂದು ತತ್ತ್ವದ ಮೇಲೆ.

ಹಾಗಿದ್ದರೆ ಅದು ಸ್ತನದವರೆಗೆ ಬರಲು ಇಷ್ಟು ತಡವೇಕಾಯಿತು? ವಿದ್ಯೆ ಇರಲಿಲ್ಲವೆಂದಲ್ಲ. 1906ರಲ್ಲೇ ಇಟಲಿಯ ಇಜಿನಿಯೊ ತಾನ್ಸಿನಿ ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದೊಡನೆ ಎದೆಗೆ ತಿರುಗಿಸುವ ಕ್ರಮವನ್ನು ವಿವರಿಸಿದ್ದ. ಅದಕ್ಕೂ ಮುಂಚೆ, 1890ರ ದಶಕದಲ್ಲಿ, ಜರ್ಮನಿಯ ವಿನ್ಸೆಂಟ್ ಚೆರ್ನಿ ರೋಗಿಯ ಮೈಯಲ್ಲೇ ಇದ್ದ ಕೊಬ್ಬಿನ ಗಡ್ಡೆಯೊಂದನ್ನು ತೆಗೆದು ಸ್ತನದ ಜಾಗದಲ್ಲಿಟ್ಟಿದ್ದ. ಆದರೆ ಆ ಕಾಲವನ್ನು ಆಳಿದವನು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. ಸ್ತನದ ಜೊತೆಗೆ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆಯಬೇಕು ಎಂಬುದು ಅವನ ಸಿದ್ಧಾಂತ; ಮರುಜೋಡಣೆಯ ಕೆಲಸ ಅವನಿಗೆ ಒಪ್ಪಿಗೆಯಿರಲಿಲ್ಲ. ಅವನ ಮಾತಿನ ತೂಕಕ್ಕೆ ತಾನ್ಸಿನಿಯ ವಿಧಾನ ಮೂಲೆಗೆ ಸರಿಯಿತು. 1970ರ ದಶಕದ ಕೊನೆಯಲ್ಲಿ ಅದು ಮತ್ತೆ ಬಳಕೆಗೆ ಬರುವ ಹೊತ್ತಿಗೆ ಎರಡು ತಲೆಮಾರಿನ ಹೆಂಗಸರು ಅದರಿಂದ ವಂಚಿತರಾಗಿದ್ದರು. ಇದನ್ನು ಕೇವಲ ತಾಂತ್ರಿಕ ವಿಳಂಬವೆನ್ನಲು ನನಗೆ ಮನಸ್ಸಿಲ್ಲ. ಬದುಕಿ ಉಳಿದರೆ ಸಾಕು, ಉಳಿದವಳಿಗೆ ತನ್ನ ದೇಹದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುವ ಅಗತ್ಯವಿಲ್ಲ ಎಂಬ ಧೋರಣೆಯೂ ಅದರ ಹಿಂದೆ ಇತ್ತು. ಕೊನೆಗೆ ಹಾಲ್‌ಸ್ಟೆಡ್‌ನ ಸಿದ್ಧಾಂತವೇ ಬಿದ್ದುಹೋಯಿತು. ಆರಂಭದ ಹಂತದಲ್ಲಿ ಗಡ್ಡೆ ಮತ್ತು ಸುತ್ತಲಿನ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಷ್ಯ ಕಡಿಮೆಯಾಗುವುದಿಲ್ಲವೆಂದು ಇಟಲಿಯ ವೆರೊನೇಸಿ, ಅಮೆರಿಕದ ಬರ್ನಾರ್ಡ್ ಫಿಷರ್ 1980ರ ದಶಕದಲ್ಲಿ ತೋರಿಸಿಕೊಟ್ಟರು.

ಮುಂದಿನದು ವೇಗವಾಗಿ ನಡೆಯಿತು. ಸಿಲಿಕೋನ್ ಇಂಪ್ಲಾಂಟ್ ಅದಾಗಲೇ ಬಂದಿತ್ತು, 1962ರಲ್ಲಿ, ಹೂಸ್ಟನ್‌ನಲ್ಲಿ. 1982ರಲ್ಲಿ ಸರ್ಜನ್ ಹಾರ್ಟ್‌ರಾಂಪ್ಫ್ ಕಿಬ್ಬೊಟ್ಟೆಯ ಚರ್ಮ, ಕೊಬ್ಬನ್ನು ಹೊಟ್ಟೆಯ ಸ್ನಾಯುವಿನ ಜೊತೆ ಎದೆಗೆ ತಂದ. 1990ರ ದಶಕದಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು, ಸಣ್ಣ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಡಿ ಎದೆಯ ನಾಳಗಳಿಗೆ ಹೊಲಿಯುವ ‘ಡೀಪ್’ ವಿಧಾನ ಬಂತು.

ಯಾವುದು ಯಾರಿಗೆ ಎಂಬುದು ಮಲೆನಾಡಿನಲ್ಲಿ ಮುಖ್ಯ ಪ್ರಶ್ನೆ. ರೇಡಿಯೇಷನ್ ಬೇಕಾದವರಲ್ಲಿ ಇಂಪ್ಲಾಂಟಿನ ಸುತ್ತಲ ಪೊರೆ ಗಟ್ಟಿಯಾಗಿ ನೋವು ಕೊಡುವ ಸಂಭವ ಹೆಚ್ಚು; ಅಂಥವರಿಗೆ ಸ್ವಂತ ಅಂಗಾಂಶ ವಾಸಿ. ಹೊಟ್ಟೆಯ ಸ್ನಾಯು ಕೊಟ್ಟವರಿಗೆ ಆ ಜಾಗ ದುರ್ಬಲವಾಗಿ ಹರ್ನಿಯಾ ಆಗಬಹುದು. ಸೊಪ್ಪಿನ ಹೊರೆ, ಬೇಯಿಸಿದ ಅಡಿಕೆಯ ಬುಟ್ಟಿ ಎತ್ತುವವರು ಇದನ್ನು ಯೋಚಿಸಲೇಬೇಕು. ಬೆನ್ನಿನ ಸ್ನಾಯು ಕೊಟ್ಟವರಿಗೆ ದಿನನಿತ್ಯದ ಕೆಲಸ ಸಾಗುತ್ತದೆ, ತಲೆಯ ಮೇಲಿನಿಂದ ಎಳೆಯುವ ಕೆಲಸದಲ್ಲಿ ಕಸುವು ತುಸು ತಗ್ಗಬಹುದು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆಯ ಕೈಗೆ ಬಾವು ಬರುವ ಭಯವೂ ಇದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಆ ಕೈಗೆ ಆದ ಸಣ್ಣ ಗಾಯವನ್ನೂ ಕಡೆಗಣಿಸುವಂತಿಲ್ಲ. ಡಾಕ್ಟರು ನಿಮ್ಮ ಕೆಲಸವೇನೆಂದು ಕೇಳದಿದ್ದರೆ ನೀವೇ ಹೇಳಿ.

ಪುನರ್ನಿರ್ಮಾಣದಿಂದ ಕ್ಯಾನ್ಸರ್ ಮರುಕಳಿಸುವುದು ಹೆಚ್ಚುತ್ತದೆ ಎಂಬ ಭಯಕ್ಕೆ ಅಧ್ಯಯನಗಳು ಆಧಾರ ಕೊಟ್ಟಿಲ್ಲ. ಸ್ತನ ತೆಗೆಯುವ ದಿನವೇ ಮಾಡಿಸಬಹುದು, ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಮಾಡಿಸಬಹುದು. ಬೇಡವೆನ್ನುವುದೂ ಅಷ್ಟೇ ಸರಿಯಾದ ಆಯ್ಕೆ. ಒಳಉಡುಪಿನೊಳಗೆ ಕೃತಕ ಸ್ತನ ಇಟ್ಟುಕೊಂಡು ನೆಮ್ಮದಿಯಾಗಿರುವವರು ಬಹಳ ಮಂದಿ. ಆದರೆ ಬೇಡವೆನ್ನಬೇಕಾದರೂ ಇಂಥದೊಂದು ಇದೆ ಎಂದು ಮೊದಲು ಗೊತ್ತಿರಬೇಕು.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಪರೇಷನ್ನಿಗೆ ದಿನ ಗೊತ್ತುಮಾಡುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ನಿಮಗೆ ಹೇಳಿದ ಶಸ್ತ್ರಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ವಿಚಾರಿಸಿ. ಕ್ಯಾನ್ಸರ್ ಸರ್ಜನ್ನರ ಜೊತೆಗೆ ಪ್ಲಾಸ್ಟಿಕ್ ಸರ್ಜನ್ನರನ್ನೂ ಒಮ್ಮೆ ನೋಡಬೇಕು ಎಂದು ಬಾಯಿಬಿಟ್ಟು ಕೇಳಿ.