ಸರಕಾರದ ವಕೀಲರು ಶಾಸನಕ್ಕೆ ಎದುರಾಗಿ ನಿಂತ ಮೊಕದ್ದಮೆ

1946ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ ಹಿಲ್-ಬರ್ಟನ್ ಶಾಸನವು, ಊರೂರುಗಳಲ್ಲಿ ಆಸ್ಪತ್ರೆಗಳನ್ನು ಕಟ್ಟಿಸಲು ಬೊಕ್ಕಸದ ಹಣವನ್ನು ಉದಾರವಾಗಿ ಒದಗಿಸಿತಾದರೂ, ‘ಪ್ರತ್ಯೇಕ, ಆದರೆ ಸಮಾನ’ ಎಂಬ ನಿಬಂಧನೆಯನ್ನು ತನ್ನೊಳಗೇ ಇರಿಸಿಕೊಂಡು ವರ್ಣಭೇದಕ್ಕೆ ರಾಜಮುದ್ರೆಯನ್ನು ಒತ್ತಿತು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ನಗರದ ದಂತವೈದ್ಯ ಜಾರ್ಜ್ ಸಿಮ್ಕಿನ್ಸರ ಬಳಿಗೆ, ಬುದ್ಧಿಹಲ್ಲು ಕೀವುಗಟ್ಟಿ, ದವಡೆ ಬಾತು, ಜ್ವರದಿಂದ ಬಳಲುತ್ತಿದ್ದ ಕಪ್ಪುವರ್ಣದ ರೋಗಿಯೊಬ್ಬನು ಬಂದಾಗ, ಅವನ ಜನಕ್ಕೆಂದಿದ್ದ ಆಸ್ಪತ್ರೆಯಲ್ಲಿ ಹಾಸಿಗೆ ತೆರವಿರಲಿಲ್ಲ. ಅವನಂಥವರ ತೆರಿಗೆಯೂ ಸೇರಿ ಬೆಳೆದಿದ್ದ ಬಿಳಿಯರ ಆಸ್ಪತ್ರೆಗಳು ಅವನನ್ನು ಒಳಗೆ ಬಿಡಲಿಲ್ಲ.

1962ರ ಫೆಬ್ರುವರಿಯಲ್ಲಿ ಸಿಮ್ಕಿನ್ಸರೂ ಅವರ ಸಂಗಡಿಗರಾದ ವೈದ್ಯರೂ ರೋಗಿಗಳೂ ಆ ಬಿಳಿಯರ ಆಸ್ಪತ್ರೆಗಳ ಮೇಲೆ ದಾವೆ ಹೂಡಿದರು. ಕಾಂಗ್ರೆಸ್ಸು ಮಾಡಿದ ಕಾನೂನನ್ನು ನ್ಯಾಯಾಲಯದಲ್ಲಿ ಸಮರ್ಥಿಸುವುದೇ ಸರಕಾರಿ ವಕೀಲರ ವಾಡಿಕೆಯ ಕರ್ತವ್ಯವಾಗಿರುವಾಗ, ರಾಬರ್ಟ್ ಕೆನೆಡಿಯವರ ನೇತೃತ್ವದ ನ್ಯಾಯ ಇಲಾಖೆಯು ದಾವೆಯೊಳಕ್ಕೆ ತಾನಾಗಿಯೇ ಪ್ರವೇಶಿಸಿ, ತನ್ನ ಸರಕಾರದ ಶಾಸನದಲ್ಲಿದ್ದ ಆ ನಿಬಂಧನೆಯು ಸಂವಿಧಾನಬಾಹಿರವೆಂದು ವಾದಿಸಿತು. ವಕೀಲವೃತ್ತಿಯ ಇತಿಹಾಸದಲ್ಲಿ ಇದಕ್ಕಿಂತ ಧೀರವಾದ ನಿಷ್ಠೆಯನ್ನು ನಾನು ಕಾಣೆನು.

ಕೆಳಗಿನ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ಆದರೆ 1963ರ ನವೆಂಬರ್ 1ರಂದು ಮೇಲ್ಮನವಿಯ ನ್ಯಾಯಪೀಠವು, ಹಿಂದೆ ತಾವೂ ಸರಕಾರದ ಸಾಲಿಸಿಟರ್ ಜನರಲ್ ಆಗಿದ್ದ ಮುಖ್ಯ ನ್ಯಾಯಾಧೀಶ ಸೈಮನ್ ಸೊಬೆಲಾಫರ ಲೇಖನಿಯಿಂದ, ಮೂವರ ಮತಕ್ಕೆ ಇಬ್ಬರ ಭಿನ್ನಮತವಿದ್ದ ತೀರ್ಪಿನಲ್ಲಿ ಆ ನಿಬಂಧನೆಯನ್ನು ರದ್ದುಗೊಳಿಸಿತು. ಮುಂದಿನ ವರ್ಷದ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮರುಪರಿಶೀಲನೆಗೆ ಒಪ್ಪಲಿಲ್ಲ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ನಾಗರಿಕ ಹಕ್ಕುಗಳ ಶಾಸನವು, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ವರ್ಣಭೇದ ಮಾಡಕೂಡದೆಂದು ವಿಧಿಸಿತು.