ಗುಂಜಿಯಿಂದ ಗ್ರಾಮಿನವರೆಗೆ: ಪತ್ತಾರರ ಲೆಕ್ಕದ ಕಥೆ

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಏನು ಬರೆಯಲಿ ಎಂದು ಎರಡು ದಿನ ಯೋಚಿಸಿದೆ. ಸಂಘದ ಪ್ರಗತಿಯ ಅಂಕಿ-ಸಂಖ್ಯೆ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತದೆ. ಮೂರನೆಯ ದಿನ ಸಂಘದ ಕಚೇರಿಗೆ ಹೋದಾಗ ಬಂಗಾರದ ಅಡವಿನ ಸಾಲಕ್ಕೆ ಬಂದಿದ್ದ ತಾಯಿಯೊಬ್ಬರು, "ಇದರಾಗ ಅರಗು ಎಷ್ಟರ ಐತಿ ಅಂತ ಯಾಕ ಕಳೀತೀರಿ?" ಎಂದು ಕೇಳುತ್ತಿದ್ದರು. ಆ ಮಾತು ಕೇಳಿ ನಮ್ಮೂರಿನ ಪತ್ತಾರ ಅಜ್ಜ ನೆನಪಾದ. ಅವನ ನೆಪದಲ್ಲಿ, ಕಸುಬಿನವರು ತಮ್ಮ ಮಾಲಿಗೆ ಲೆಕ್ಕ ಇಟ್ಟ ಬಗೆಯ ಇತಿಹಾಸವನ್ನೇ ಬರೆಯೋಣ ಅನ್ನಿಸಿತು.

ಅಕ್ಷಶಾಲೆಯಿಂದ ಅಕ್ಕಸಾಲೆ

ನಾವು ಪತ್ತಾರ ಎನ್ನುವವನನ್ನು ಹಳೆಯ ಮೈಸೂರಿನ ಕಡೆ ಅಕ್ಕಸಾಲಿಗ ಎನ್ನುತ್ತಾರೆ. ಇದಕ್ಕೆ ಮೂಲ 'ಅಕ್ಷಶಾಲೆ' ಎಂಬ ಸಂಸ್ಕೃತ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಗಾರ-ಬೆಳ್ಳಿಯ ಕೆಲಸ ನಡೆಯುವ ಸರಕಾರಿ ಶಾಲೆಗೆ ಇದೇ ಹೆಸರು. ಆ ಗ್ರಂಥದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದು ನಾವು ಕನ್ನಡಿಗರು ಹೆಮ್ಮೆ ಪಡುವ ಸಂಗತಿ.

ಅಕ್ಷಶಾಲೆಯ ನಿಯಮ ಓದಿದರೆ ನಮ್ಮ ಸಂಘದ ಲೆಕ್ಕ ಪರಿಶೋಧಕರೂ ತಲೆದೂಗಬೇಕು. ಸಂಬಂಧವಿಲ್ಲದವರು ಒಳಗೆ ಬರುವಂತಿಲ್ಲ. ಕೆಲಸಗಾರರು ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ತಪಾಸಣೆ. ಜನರಿಂದ ಯಾವ ತೂಕ, ಯಾವ ಬಣ್ಣದ ಬಂಗಾರ ಪಡೆದರೋ ಅದೇ ತೂಕ, ಅದೇ ಬಣ್ಣದಲ್ಲಿ ಒಡವೆ ಮರಳಿಸಬೇಕು. ಆದರೆ ಕಾಯಿಸಿ ಬಡಿಯುವಾಗ ಸ್ವಲ್ಪ ಸವೆಯುತ್ತದಲ್ಲ, ಅದಕ್ಕೆ ಇಂತಿಷ್ಟು ಎಂದು ರಿಯಾಯಿತಿ. ಮೋಸದ ಐದು ದಾರಿಗಳನ್ನೂ ಹೆಸರಿಟ್ಟು ಹೇಳಿದ್ದಾರೆ. ಮೊದಲನೆಯದೇ ಮೋಸದ ತಕ್ಕಡಿ!

ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಮಾಲಿನ ಲೆಕ್ಕಕ್ಕೆ ಮೂರು ಕಲಮುಗಳಿದ್ದವು. ಬಂದದ್ದೆಷ್ಟು, ಒಡವೆಯಾಗಿ ಹೋದದ್ದೆಷ್ಟು, ಸವೆದದ್ದೆಷ್ಟು. ನಮ್ಮ ಕಿರ್ದಿ ಪುಸ್ತಕದ ಜಮಾ, ಖರ್ಚು, ಶಿಲ್ಕು ಇದಕ್ಕಿಂತ ಬೇರೆಯಲ್ಲ.

ಗುಲಗಂಜಿಯ ತೂಕ

ಅಜ್ಜನ ಮನೆ ಪಡಸಾಲೆಯಲ್ಲೇ ಅವನ ಕುಲುಮೆ. ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಸಣ್ಣ ಸಣ್ಣ ಖಾನೆ. ಒಂದರಲ್ಲಿ ಬಿಳಿಗಾರ, ಒಂದರಲ್ಲಿ ಅರಗು, ಒಂದರಲ್ಲಿ ಬೆಸುಗೆಯ ಚೂರು, ಒಂದರಲ್ಲಿ ಹರಳು-ಹವಳ. ಒಂದು ಖಾನೆಯ ಮಾಲು ಇನ್ನೊಂದರಲ್ಲಿ ಬಿದ್ದರೆ ಅಜ್ಜನಿಗೆ ಸಿಟ್ಟು ಬರುತ್ತಿತ್ತು. ಕೊನೆಯ ಖಾನೆಯಲ್ಲಿ ಕೆಂಪು-ಕಪ್ಪು ಗುಲಗಂಜಿ. ಹುಡುಗರಾದ ನಮಗೆ ಅದು ಆಟದ ಸಾಮಾನು, ಅವನಿಗೆ ಅದೇ ತೂಕದ ಬಟ್ಟು.

ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲಿ. ಒಟ್ಟು ತೊಲಿಗೆ 96 ಗುಂಜಿ. ಇಂಗ್ಲಿಷರ ಸರಕಾರ 1833ರಲ್ಲಿ ತೊಲಿಯನ್ನು 180 ಗ್ರೇನ್ ಎಂದು ಗೊತ್ತುಮಾಡಿತು. ಇಂದಿನ ಲೆಕ್ಕದಲ್ಲಿ ಅದು 11.664 ಗ್ರಾಂ. 1835ರಿಂದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ ಇದ್ದುದರಿಂದ, ಬಟ್ಟು ಇಲ್ಲದ ಮನೆಯಲ್ಲಿ ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದರು.

ಈ ಲೆಕ್ಕದ ಚೆಂದ ನೋಡಿರಿ. ಶುದ್ಧ ಬಂಗಾರ 24 ಕ್ಯಾರೆಟ್, ಒಡವೆಗೆ 22. ಅಂದರೆ ಹನ್ನೆರಡರಲ್ಲಿ ಹನ್ನೊಂದು ಪಾಲು. ತೊಲಿಗೆ ಹನ್ನೊಂದು ಮಾಸಿ ಬಂಗಾರ, ಒಂದು ಮಾಸಿ ಬೆರಕೆ. ಕಾಗದ-ಪೆನ್ಸಿಲ್ ಬೇಡ, ಅಜ್ಜ ಬೆರಳ ಗೆಣ್ಣಿನಲ್ಲೇ ಎಣಿಸುತ್ತಿದ್ದ. ಇಂದು ಒಡವೆಯ ಮೇಲೆ ಕಾಣುವ 916 ಎಂಬ ಗುರುತು ಹೇಳುವುದೂ ಇದೇ ಮಾತನ್ನು, ಸಾವಿರಕ್ಕೆ 916 ಪಾಲು ಬಂಗಾರ.

ಕೆಲಸ ಮುಗಿದ ಮೇಲೆ ಅಜ್ಜ ಒಂದು ಚೀಟಿ ಬರೆಯುತ್ತಿದ್ದ. ಬಂದ ಬಂಗಾರ 96 ಗುಂಜಿ ಇದ್ದರೆ, ಒಡವೆ 93, ಅರದ ಪುಡಿ ಮರಳಿಸಿದ್ದು 2, ಸವಕಳಿ 1, ಹೀಗೆ. ಕೂಡಿಸಿದರೆ 96 ಬರಲೇಬೇಕು. ಸಂಜೆ ನೆಲ ಗುಡಿಸಿದ ಕಸವನ್ನು ಹೊರಗೆ ಚೆಲ್ಲದೆ ಗಡಿಗೆಯಲ್ಲಿ ಕೂಡಿಡುತ್ತಿದ್ದ, ಅದನ್ನು ತೊಳೆದರೆ ಅದರಲ್ಲೂ ಕಣ ಸಿಗುತ್ತಿತ್ತು. "ತಮ್ಮಾ, ರೊಕ್ಕ ಕಳಕೊಂಡರ ಮತ್ತ ಗಳಸಬಹುದು. ಮಂದಿ ಮಾಲಿನ ಲೆಕ್ಕ ತಪ್ಪಿದರ ಈ ಮನಿ ಮುಂದ ಯಾರೂ ಹಾಯೂದಿಲ್ಲ," ಎಂಬುದು ಅವನ ಮಾತು.

ಒಂದು ಚೀಟಿ ಮಾಡಿದ ಕೆಲಸ

ಆ ಚೀಟಿಯ ಬೆಲೆ ನನಗೆ ತಿಳಿದದ್ದು ಮುಂದೆ, ನಾನು ಶಿಕ್ಷಕರ ತರಬೇತಿಗೆ ಹೊರಟಾಗ. ಫೀಜಿಗೆ ರೊಕ್ಕ ಇರಲಿಲ್ಲ. ಅವ್ವ ತನ್ನ ಬೋರಮಾಳ ಬಿಚ್ಚಿಕೊಟ್ಟಳು. ಬೋರಮಾಳದ ಗುಂಡುಗಳು ಒಳಗೆ ಪೊಳ್ಳು, ಅರಗು ತುಂಬಿದವು. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಮೂರು ತೊಲಿ. ಪಟ್ಟಣದ ಸಾವಕಾರರು ಕೈಯಲ್ಲಿ ತೂಗಿ ನೋಡಿ, "ಅರ್ಧ ಅರಗೇ ಐತಿ, ಒಂದೂವರೆ ತೊಲಿ ಹಿಡೀತೀನಿ" ಅಂದರು. ಅವ್ವನ ಮುಖ ಸಣ್ಣದಾಯಿತು. "ಅತ್ತಿ ಮೂರು ತೊಲಿ ಅಂತಿದ್ರಲ್ಲ" ಎಂದಷ್ಟೇ ಅಂದಳು.

ಅಪ್ಪ ಊರಿಗೆ ಮರಳಿ ಬಂದು ಅಜ್ಜಿಯ ಪೆಟ್ಟಿಗೆ ಹುಡುಕಿದ. ಅರಿಶಿಣ ಹತ್ತಿದ ಚೀಟಿ ಸಿಕ್ಕಿತು. ಒಟ್ಟು ತೂಕ ಮೂರು ತೊಲಿ, ಅರಗು ಮತ್ತು ದಾರ ಒಂದು ತೊಲಿ ಎರಡು ಮಾಸಿ, ನಿವ್ವಳ ಬಂಗಾರ ಒಂದು ತೊಲಿ ಹತ್ತು ಮಾಸಿ. ನಮ್ಮ ಮನೆಯವರ ಮಾತೂ ತಪ್ಪು, ಸಾವಕಾರರ ಮಾತೂ ತಪ್ಪು. ಮರುದಿನ ಅಜ್ಜ ತಾನೇ ಜೊತೆಗೆ ಬಂದ. ಸಾವಕಾರರ ಎದುರಿಗೆ ಒಂದು ಗುಂಡು ಬಿಡಿಸಿ ಅರಗು ತೆಗೆದು ತೂಗಿದ, ಗುಂಡುಗಳನ್ನು ಎಣಿಸಿದ, ಚೀಟಿಗೆ ತಾಳೆ ನೋಡಿದ. ಸರಿಹೋಯಿತು. ಸಾವಕಾರರು ಏನೂ ಮಾತಾಡದೆ ನಾಲ್ಕು ಮಾಸಿಯ ರೊಕ್ಕ ಹೆಚ್ಚು ಕೊಟ್ಟರು. ಆ ರೊಕ್ಕದಲ್ಲಿ ನನ್ನ ಪುಸ್ತಕ ಬಂದವು.

ಬರೆಯದೆ ಬಿಟ್ಟ ಲೆಕ್ಕ

ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಕಸುಬು ಯಾಕೆ ಕೆಟ್ಟಿತು? ಇದೇ ಈ ಲೇಖನದ ಮುಖ್ಯ ಪ್ರಶ್ನೆ.

ಒಂದು ಪೆಟ್ಟು ಎಲ್ಲರಿಗೂ ಗೊತ್ತು. ಚೀನಾ ಯುದ್ಧದ ಮರುವರ್ಷ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡುವಂತಿಲ್ಲ. ತೊಲಿಗೆ ಏಳು ಮಾಸಿ ಬಂಗಾರ, ಐದು ಮಾಸಿ ಬೆರಕೆ! ಅಂಥ ಒಡವೆಯನ್ನು ಮಗಳ ಮದುವೆಗೆ ಯಾರು ಮಾಡಿಸುತ್ತಾರೆ? ಅಜ್ಜನ ಕುಲುಮೆ ಅನೇಕ ದಿನ ತಣ್ಣಗಿತ್ತು. ನಾಡಿನ ತುಂಬ ಅಕ್ಕಸಾಲಿಗರಿಗೆ ಕೆಲಸ ತಪ್ಪಿತು. 1966ರಲ್ಲಿ ಆ 14 ಕ್ಯಾರೆಟ್ಟಿನ ಕಟ್ಟು ಸಡಿಲವಾಯಿತು. 1968ರ ಚಿನ್ನ ನಿಯಂತ್ರಣ ಕಾಯಿದೆಯ ಪ್ರಕಾರ ಅಕ್ಕಸಾಲಿಗನ ಕೈಯಲ್ಲಿ 100 ಗ್ರಾಮಿಗಿಂತ ಹೆಚ್ಚು ಬಂಗಾರ ಇರುವಂತಿರಲಿಲ್ಲ. ಆ ಕಾಯಿದೆ ರದ್ದಾದದ್ದು 1990ರಲ್ಲಿ.

ಆದರೆ ಇನ್ನೊಂದು ಕಾರಣ ಅಜ್ಜನ ಪೆಟ್ಟಿಗೆಯಲ್ಲೇ ಇತ್ತು. ಹಿಂದಿನ ಕಾಲದಲ್ಲಿ ಬಡಿಗ, ಕಮ್ಮಾರ, ಕುಂಬಾರರ ಹಾಗೆ ಪತ್ತಾರನೂ ಅನೇಕ ಊರುಗಳಲ್ಲಿ ಆಯಗಾರ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳದ ಆಯ ಸಿಗುತ್ತಿತ್ತು. ಆದ್ದರಿಂದ ಕುಲುಮೆಯ ಇದ್ದಿಲು, ಬಿಳಿಗಾರ, ಅರಗು, ಸವೆದ ಅರ, ಒಡೆದ ಮೂಸೆ ಇವಕ್ಕೆ ಬೇರೆ ಲೆಕ್ಕ ಬರೆಯುವ ರೂಢಿಯೇ ಇರಲಿಲ್ಲ. ವರ್ಷದ ಜೋಳದಲ್ಲಿ ಎಲ್ಲ ಹೊಂದುತ್ತಿತ್ತು. ಕಾಲ ಬದಲಾಯಿತು, ಆಯ ನಿಂತಿತು, ಇದ್ದಿಲಿಗೂ ರೊಕ್ಕ ಕೊಡುವ ದಿನ ಬಂತು. ಅಜ್ಜನ ಕೂಲಿ ಮಾತ್ರ ಹಳೆಯದೇ ಉಳಿಯಿತು. ಮಂದಿಯ ಬಂಗಾರಕ್ಕೆ ಗುಂಜಿ ಗುಂಜಿ ಲೆಕ್ಕ ಇಟ್ಟವನು ತನ್ನ ಸಣ್ಣ ಸಾಮಾನಿಗೆ, ತನ್ನ ದಿನದ ದುಡಿಮೆಗೆ ಒಂದು ಸಾಲೂ ಬರೆಯಲಿಲ್ಲ. ಒಡವೆ ಕೊಟ್ಟಾಗ ಗಳಿಸಿದಂತೆ ಕಾಣುತ್ತಿತ್ತು, ವರ್ಷದ ಕೊನೆಗೆ ಸಾಲ ನಿಲ್ಲುತ್ತಿತ್ತು.

ಕೊನೆಗೆ ಅಜ್ಜನ ಮಗ ಹುಬ್ಬಳ್ಳಿಗೆ ಹೋಗಿ ಅಂಗಡಿಯೊಂದಕ್ಕೆ ಕೂಲಿಯಾಗಿ ಸೇರಿದ. ಅಲ್ಲಿಯೂ ಬಂಗಾರ ತೂಗಿ ಕೊಡುತ್ತಾರೆ, ತೂಗಿ ಇಸಗೊಳ್ಳುತ್ತಾರೆ. ಆದರೆ ಮಾಲು ಅಂಗಡಿಯವರದು, ದರ ಅವರದು. ಮಾಲು ಕೊಳ್ಳುವ ಶಕ್ತಿ ಯಾರ ಕೈಯಲ್ಲಿದೆಯೋ ಕಸುಬು ಅವರ ಮಾತು ಕೇಳುತ್ತದೆ. ಬೀದರಿನ ಬಿದರಿ ಕೆಲಸ ನೋಡಿರಿ. ಸತುವು ಹದಿನಾರು ಪಾಲಿಗೆ ತಾಮ್ರ ಒಂದು ಪಾಲು ಬೆರಸಿ ಎರಕ ಹೊಯ್ದು, ಮೇಲೆ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕಪ್ಪು ಬಣ್ಣ ತರುವ ಕೋಟೆಯ ಮಣ್ಣಿಗೆ ಖರ್ಚು ಅಷ್ಟಿಲ್ಲ. ಬೆಳ್ಳಿಯ ದರ ಏರಿದರೆ ಮಾತ್ರ ಕುಶಲಕರ್ಮಿಯ ಕೈ ಕಟ್ಟಿಹೋಗುತ್ತದೆ.

ಸಹಕಾರದ ದಾರಿ

ಇದಕ್ಕೆ ಮದ್ದು ನಮ್ಮ ನೆಲದಲ್ಲೇ ಹುಟ್ಟಿದೆ. 1904ರ ಸಹಕಾರ ಕಾಯಿದೆಯ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಮೊದಲ ಕಾಯಿದೆ ಸಾಲದ ಸಂಘಗಳಿಗಷ್ಟೇ ಇತ್ತು. 1912ರ ಕಾಯಿದೆ ಬಂದ ಮೇಲೆ ಸಾಲವಲ್ಲದೆ ಬೇರೆ ಕೆಲಸದ ಸಂಘಗಳಿಗೂ ದಾರಿಯಾಯಿತು. ನೇಕಾರರು, ಕುಶಲಕರ್ಮಿಗಳು ಕೂಡಿ ಕಚ್ಚಾ ಮಾಲು ಕೊಳ್ಳುವುದು, ಕೂಡಿ ಮಾರುವುದು ಸಾಧ್ಯವಾಯಿತು. ಒಬ್ಬನಿಗೆ ಸಿಗದ ದರ ಹತ್ತು ಜನಕ್ಕೆ ಸಿಗುತ್ತದೆ. ಆದರೆ ಹತ್ತು ಜನ ಕೂಡಬೇಕಾದರೆ ಹತ್ತು ಜನರ ಲೆಕ್ಕವೂ ಕಾಗದದ ಮೇಲೆ ಇರಬೇಕು.

ಈಗ ನಮ್ಮ ಊರಲ್ಲಿಯೂ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ದಾರದ ಬಳೆ, ಮಣಿಸರ ಮಾಡುತ್ತಿದ್ದಾರೆ. ಅವರಿಗಾಗಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಬ್ಬಾಕೆ 600 ರೂಪಾಯಿಯ ದಾರ, ಬಳೆ, ಮಣಿ, ಅಂಟು ತಂದಳೆನ್ನಿ. 40 ಜೊತೆ ಮಾಡಿದಳು, 120 ರೂಪಾಯಿಯ ಮಾಲು ಉಳಿಯಿತು, ಎರಡು ಜೊತೆ ಕೆಟ್ಟವು. ಬಳಸಿದ ಮಾಲು 480. ಅದನ್ನು 40ರಿಂದ ಅಲ್ಲ, ಮಾರಲು ಬರುವ 38 ಜೊತೆಯಿಂದ ಭಾಗಿಸಬೇಕು. ಜೊತೆಗೆ 12 ರೂಪಾಯಿ 63 ಪೈಸೆ ಬಿತ್ತು. ಮಾಲು ತರಲು ಬಸ್ಸಿಗೆ 76 ರೂಪಾಯಿ ಆಗಿದ್ದರೆ ಜೊತೆಗೆ ಇನ್ನೆರಡು ರೂಪಾಯಿ. ಒಟ್ಟು 14 ರೂಪಾಯಿ 63 ಪೈಸೆ. ಇಲ್ಲಿಗೆ ಕೂಲಿ ಇನ್ನೂ ಬಂದಿಲ್ಲ! "ಹದಿನೈದಕ್ಕ ಕೊಡು ತಂಗಿ" ಎಂದು ಕೇಳಿದವರಿಗೆ ಕೊಟ್ಟರೆ ಆಕೆಯ ದುಡಿಮೆಗೆ ಉಳಿಯುವುದು 37 ಪೈಸೆ. ಬರೆದಿಟ್ಟರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮಾತು ಮನೆಯಲ್ಲಿ ಒಡವೆ ಇರುವ ಎಲ್ಲರಿಗೂ. 1956ರ ಕಾಯಿದೆಯಿಂದ ಗ್ರಾಂ ಲೆಕ್ಕ ಬಂತು, ಆದರೆ ತೊಲಿ ನಮ್ಮ ಬಾಯಿಂದ ಹೋಗಲಿಲ್ಲ. ಈಗ ಎಷ್ಟೋ ಕಡೆ ಹತ್ತು ಗ್ರಾಮಿಗೇ ತೊಲಿ ಎನ್ನುತ್ತಾರೆ. ಹಳೆಯ ತೊಲಿಗೂ ಇದಕ್ಕೂ ಒಂದೂವರೆ ಗ್ರಾಮಿಗಿಂತ ಹೆಚ್ಚು ಅಂತರವಿದೆ. ಆದ್ದರಿಂದ ಒಡವೆ ಕೊಳ್ಳುವಾಗ, ಅಡವಿಡುವಾಗ ತೊಲಿಯ ಮಾತು ಬಿಟ್ಟು ಗ್ರಾಮಿನಲ್ಲಿ ಬರೆಸಿಕೊಳ್ಳಿರಿ. ಒಟ್ಟು ತೂಕ ಬೇರೆ, ಅರಗು-ಹರಳು ಕಳೆದ ನಿವ್ವಳ ತೂಕ ಬೇರೆ, ಎರಡನ್ನೂ ಕೇಳಿರಿ. 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, ಆ ಗುರುತು ಬಂಗಾರದ ಗುಣ ಹೇಳುತ್ತದೆ. ತೂಕದ ಚೀಟಿ ಕಾಯುವ ಕೆಲಸ ನಮ್ಮದು.

ಕಚೇರಿಯಲ್ಲಿ ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮ ಸಿಬ್ಬಂದಿ ಬೇಸರ ಮಾಡಿಕೊಳ್ಳದೆ, ಎರಡು ತೂಕವನ್ನೂ ಬರೆದು ತೋರಿಸಿ, "ಅಕ್ಕಾರ, ಈ ಚೀಟಿ ಜ್ವಾಕಿ ಇಡ್ರಿ" ಅಂದರು. ನಮ್ಮ ಅವ್ವನಿಗೆ ಅಂದು ಚೀಟಿ ಹುಡುಕಿಕೊಂಡು ಊರಿಗೆ ಬರಬೇಕಾಯಿತು, ಈ ತಾಯಿಗೆ ಕೇಳಿದ ಜಾಗದಲ್ಲೇ ಚೀಟಿ ಸಿಕ್ಕಿತು. ಇಪ್ಪತ್ತೈದು ವರ್ಷದಲ್ಲಿ ಸಂಘ ಗಳಿಸಿದ್ದರಲ್ಲಿ ಇದನ್ನೂ ಜಮಾ ಕಡೆ ಬರೆದುಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಇನ್ನು ಪತ್ತಾರ ಅಜ್ಜ ಬರೆಯದೆ ಬಿಟ್ಟ ಆ ಒಂದು ಪುಟ, ಸಣ್ಣ ಸಾಮಾನಿನ ಮತ್ತು ಸ್ವಂತ ದುಡಿಮೆಯ ಪುಟ, ಅದನ್ನು ನಮ್ಮ ಹೆಣ್ಣುಮಕ್ಕಳು ಬರೆಯಲಿ. ಬರೆಯುವುದಕ್ಕೆ ಸಂಘ ಅವರಿಗೆ ಕಲಿಸಲಿ.